ಹಿಡಿ ಇಲ್ಲದ ಡಬ್ಬಿ

ಬಂಗಾರಪೇಟೆ,
೧೪-೩-೧೯೮೪, ಸಂಜೆ ಏಳು ಗಂಟೆ

ಪ್ರೀತಿಯ ಅಶ್ವತ್ಥಕ್ಕನಿಗೆ ಸೊಣ್ಣಪ್ಪನ ನಮಸ್ಕಾರ.

ಇವತ್ತು ಬೆಳಿಗ್ಗೆಯಿಂದ ವಾಪಸ್ ಬಂದ ಡಬ್ಬಿಗಳನ್ನು ಗಾಡಿಯಿಂದ ಇಳಿಸಿದ್ದೇ ಕೆಲಸ. ಈಗ ಕೈಕಾಲು ತೊಳೆದು ಬರೆಯಲು ಕೂತಿದ್ದೇನೆ. ನಿನ್ನ ಮಂಡಿ ನೋವು ಹೇಗಿದೆ? ಅಳಿಯಂದಿರ ನಂದಿದುರ್ಗ ಗಣಿಯ ಲೈನು ಮನೆಗಳಲ್ಲಿ ನೀರಿಗೆ ದೂರ ಹೋಗಬೇಕಂತೆ. ಕೊಡ ನೀನು ಹೊರಬೇಡ, ನಿನ್ನ ಮಗಳು ಆದಿಲಕ್ಷ್ಮಿಯೇ ತರಲಿ. ಹೋದ ತಿಂಗಳು ನಾನು ಬಂದಾಗ ಅಮ್ಮ ಮಲಗಿದ್ದಾಳೆ ಎಂದಳು. ಒಳಗೆ ನೀನು ಕೆಮ್ಮಿದ್ದು ಕೇಳಿಸಿತು. ಅವಳ ಮೇಲೆ ಸಿಟ್ಟಿಲ್ಲ, ನಿನ್ನ ಮೇಲೂ ಇಲ್ಲ. ನೀನು ನನ್ನ ಮುಖ ನೋಡಿ ಆರು ತಿಂಗಳಾಯಿತು. ಭಾವನಿಗೆ ಆ ಡಬ್ಬಿ ಕೊಟ್ಟವನು ನಾನೇ ಅಲ್ಲವೇ. ನಮ್ಮ ಕಡೆ ಬೆಳೆಯ ಹುಳಕ್ಕೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಯನ್ನು ಯಾರು ಬಿಸಾಡುತ್ತಾರೆ? ಹಿಡಿ ಇದೆ, ತಿರುಗಿಸುವ ಮುಚ್ಚಳವಿದೆ, ಹೊಲಕ್ಕೆ ಮಜ್ಜಿಗೆ ಒಯ್ಯಲು ಆಗುತ್ತದೆ ಎಂದು ಕೊಟ್ಟೆ. ಅದರಲ್ಲಿ ಒಯ್ದ ಮಜ್ಜಿಗೆ ಕುಡಿದ ಬಚ್ಚಪ್ಪ ಭಾವ ಮಧ್ಯಾಹ್ನಕ್ಕೆ ಬದುವಿನ ಮೇಲೆ ಬಿದ್ದಿದ್ದರು.

ತಿಥಿ ಮುಗಿದ ಮೇಲೆ ನಮ್ಮ ಕಾರ್ಖಾನೆಯ ಮಾಲೀಕರಾದ ಕೋದಂಡಪ್ಪನವರ ಮುಂದೆ ನಿಂತು, ಖಾಲಿಯಾದ ಮೇಲೆ ಯಾವ ಕೆಲಸಕ್ಕೂ ಬಾರದ ಡಬ್ಬಿ ಮಾಡಿಕೊಡುತ್ತೇನೆ ಎಂದೆ. ಅವರು ಕೆಟ್ಟವರಲ್ಲ, ಒಪ್ಪಿದರು. ನಾಲ್ಕು ತಿಂಗಳು ತಗಡು ಕತ್ತರಿಸಿ ಕತ್ತರಿಸಿ ನೋಡಿದೆ. ಹಿಡಿ ತೆಗೆದೆ. ಮುಚ್ಚಳವನ್ನೂ ತೆಗೆದೆ, ಮೊಳೆಯಿಂದ ತೂತು ಮಾಡಿಯೇ ಬಗ್ಗಿಸಬೇಕು, ಆಮೇಲೆ ಮುಚ್ಚಲು ಬರುವುದಿಲ್ಲ. ಉಳಿದದ್ದನ್ನು ಯಾರೂ ಅಡುಗೆಮನೆಯ ಗೂಡಿನಲ್ಲಿ ಇಡಬಾರದು, ಕೆರೆಗೆ ಸುರಿಯಬಾರದು ಎಂದು ಒಂದು ಸಲ ಸಿಂಪಡಿಸುವಷ್ಟೇ ಹಿಡಿಸುವಂತೆ ಚಿಕ್ಕದು ಮಾಡಿದೆ. ಖಾಲಿ ಡಬ್ಬಿಗಳನ್ನು ಅಂಗಡಿಯಿಂದ ನಾವೇ ಒಯ್ದು ಚಪ್ಪಟೆ ಮಾಡುವುದೆಂದೂ ಮಾತಾಯಿತು. ಮುನ್ನೂರು ಡಬ್ಬಿ ರಾಬರ್ಟ್‌ಸನ್‌ಪೇಟೆಯ ಪೆರುಮಾಳ್ ಅಂಗಡಿಗೆ ಹೋದವು.

ಮೊನ್ನೆ ನೋಡಿಬರಲು ಹೋಗಿದ್ದೆ. ಮುತ್ಯಾಲಮ್ಮ ಅನ್ನುವ ಹೆಂಗಸು ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ಕೆ ಇಡೀನೂ ಇಲ್ಲ, ಮುಚ್ಚಳಾನೂ ಇಲ್ಲ. ಇದ್ರಲ್ಲಿ ಏನ್ ಆಕಿಡೋದು?” ಎಂದಳು. ಏನೂ ಹಾಕಿಡಬಾರದು ಅಂತಲೇ ಹಾಗೆ ಮಾಡಿದ್ದು ತಾಯಿ ಎಂದೆ. “ಔಸ್ದಿ ಒಂದಿನ ಒಡೀತೀವಿ, ಡಬ್ಬಿ ಅತ್ ವರ್ಸ ಬತ್ತದೆ. ಇಡಿ ಇರೋದೇ ಕೊಡಪ್ಪ” ಎಂದು ಬೇರೆ ಕಂಪನಿಯದು ಕೊಂಡಳು. ಪೆರುಮಾಳ್ ನಕ್ಕ. “ಏನ್ ಸೊಣ್ಣಪ್ಪ, ನಿನ್ ಡಬ್ಬಿ ಮಠದ ಸಾಮಿ ಇದ್ದಂಗೆ, ಸಂಸಾರಕ್ಕೆ ಆಗಲ್ಲ ಕಣ್ಲಾ.” ಅಲ್ಲಿದ್ದವರೆಲ್ಲ ನಕ್ಕರು. ಭಾವನ ವಿಷಯ ಹೇಳಬೇಕೆಂದುಕೊಂಡವನು ಹಾಗೇ ಬಸ್ಸಿಗೆ ಹೊರಟುಬಂದೆ. ಮುತ್ಯಾಲಮ್ಮ ಕೊಂಡ ಡಬ್ಬಿ ಈಗ ಆಕೆಯ ಮನೆಯಲ್ಲಿ ಯಾವ ಗೂಡಿನಲ್ಲಿದೆಯೋ.

ಮುನ್ನೂರರಲ್ಲಿ ಇನ್ನೂರ ಎಂಬತ್ತೆರಡು ಇವತ್ತು ತಿರುಗಿ ಬಂದವು. “ನೀನು ಮಾಡಿದ್ದು ತಪ್ಪಲ್ಲಪ್ಪ, ಜನ ತಗೋಬೇಕಲ್ಲ” ಎಂದರು ಕೋದಂಡಪ್ಪನವರು. ಅವರನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ.

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಆದಿಲಕ್ಷ್ಮಿಗೂ ಅಳಿಯಂದಿರಿಗೂ ನಾನು ಕೇಳಿದೆನೆಂದು ಹೇಳು.

ನಿನ್ನ ತಮ್ಮ,
ಸೊಣ್ಣಪ್ಪ

ಇದೊಂದು ಮಾತು: ಆದಿಲಕ್ಷ್ಮಿ ಓದಿ ಹೇಳುವಾಗ ಇದನ್ನು ಎರಡು ಸಲ ಓದಲಿ. “ಅವತ್ತು ಆ ಡಬ್ಬಿಗೆ ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ, ಸಾಲಲಿಲ್ಲವೇನೋ” ಎಂದು ನೀನು ಅಳುತ್ತೀಯಂತೆ. ಹಾಗಲ್ಲ ಅಕ್ಕ. ತಳದ ತಗಡು ಮಡಿಚಿದ ಕಡೆ ಔಷಧಿ ಒಳಗೇ ಕೂತಿರುತ್ತದೆ, ನೂರು ಸಲ ತೊಳೆದರೂ ಹೋಗುವುದಿಲ್ಲ. ಅದನ್ನು ಮಡಿಚುವವನು ನಾನು. ನಾಳೆ ಎಂಟು ಗಂಟೆಗೆ ಹಿಡಿ ಇರುವ ಹಳೆಯ ಡಬ್ಬಿಯ ಕೆಲಸ ಶುರು.