ಆಮೆಯ ಬೆನ್ನಿನ ಬಿಳಿ ಗೆರೆ

ಅತ್ತಿಗೆ,

ಆಮೆಯನ್ನು ಹರಿಹರದ ಹೊಳೆಗೆ ಬಿಡಲೋ ಬೇಡವೋ ಎಂದು ಬುಟ್ಟಿ ಹಿಡಿದು ನಿಂತಿದ್ದೆ. ಅದು ಉಣ್ಣುತ್ತಿಲ್ಲ, ಇನ್ನು ಉಳಿಯುವುದಿಲ್ಲ ಎಂದವನು ನಾನೇ. "ಬಿ.ಎ. ಓದಿದ್ರೆ ಆಮೆ ಹೊಟ್ಟೆ ತಿಳಿತೈತೇನಪ್ಪ?" ಎಂದಿರಿ. ಬೆಳಿಗ್ಗೆ ನೀವು ಅದರ ಬೆನ್ನಿಗೆ ಹಚ್ಚಿದ್ದ ವಿಭೂತಿ ಒರೆಸಿದೆ. ಚಿಪ್ಪಿನ ಬಿಲ್ಲೆಗಳ ಅಂಚಿನ ಬಿಳಿ ಗೆರೆ ಮಾತ್ರ ಹೋಗಲಿಲ್ಲ. ಅದು ಈ ವರ್ಷ ಬೆಳೆದ ಹೊಸ ಚಿಪ್ಪು. ಚಳಿ ಹೋದರೆ ಉಣ್ಣುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದೇನೆ.

ನೀವು ಆನೆಕೊಂಡದ ಗುಡಿಯಿಂದ ಬಂದ ಕೂಡಲೇ ಅದನ್ನು ಬಿಸಿಲಿಗಿಡಿ. ಸೌತೆಕಾಯಿ ತಂದಿಟ್ಟಿದ್ದೇನೆ. ಚಿಪ್ಪಿಗೆ ಎಣ್ಣೆ ಮಾತ್ರ ಹಚ್ಚಬೇಡಿ.

ಅವ್ವ ತೀರಿಕೊಂಡ ವರ್ಷ ಮನೆಗೆ ಬಂದಾಗ ಅದು ರೂಪಾಯಿಯಗಲ ಇತ್ತು. ಈಗ ನಿಮ್ಮ ರೊಟ್ಟಿಯಷ್ಟಿದೆ. ಎಷ್ಟು ಸದ್ದಿಲ್ಲದೆ ಬೆಳೆಸಿದಿರಿ. ನನ್ನನ್ನೂ ಹಾಗೆಯೇ. ಇದನ್ನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಮ್ಮೆದುರು ಹೇಳಲಿಲ್ಲ.

ಕಲ್ಲೇಶ