ಗಣಿತದ ಕುರ್ಚಿ ನನ್ನದು

ಬಿಶ್ಕೆಕ್, ಶುಕ್ರವಾರ

ಅತ್ತೆ, ನಿಮ್ಮ ಸೊಸೆ ಗೆದ್ದಳು!

ಇಷ್ಟು ವರ್ಷ ಸಿಗ್ನಲ್ ಸಿಗುವ ಆ ಗುಡ್ಡದ ತುದಿಯಲ್ಲಿ ಕೂತು ಫೋನಿನಲ್ಲೇ ಗಣಿತ ಕಲಿತವಳು, ನಿನ್ನೆ ಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದೆ. ಪದವಿಯ ಕೊನೆಯ ಮೌಖಿಕ ಪರೀಕ್ಷೆಯಿತ್ತು. ಹಿರಿಯ ಪ್ರೊಫೆಸರರೊಬ್ಬರು, "ಫೋನಲ್ಲಿ ಓದಿದೋರಿಗೆ ಪಕ್ಕದಲ್ಲಿ ಯಾರೋ ಹೇಳ್ಕೊಟ್ಟಿರ್ತಾರೆ" ಎಂದು ಮೂಗು ಮುರಿದರು.

ನನಗೆ ಪಾಠ ಹೇಳಿದ ಬಾಕ್ತಿಗುಲ್ ಮೇಡಂ ಬಿಡಲಿಲ್ಲ. "ಇವಳ ಪಕ್ಕದಲ್ಲಿದ್ದದ್ದು ಕುರಿಗಳು ಸಾರ್, ದಿನಾ ಫೋನಲ್ಲಿ ಅವುಗಳ ಬ್ಯಾ ಬ್ಯಾ ಕೇಳಿದೀನಿ. ಅವು ಹೇಳ್ಕೊಟ್ಟಿದ್ರೆ ಅವಕ್ಕೂ ಒಂದೊಂದು ಪದವಿ ಕೊಟ್ಬಿಡಿ!"

ಆ ಪ್ರೊಫೆಸರರು ಕೊಟ್ಟ ಲೆಕ್ಕಗಳನ್ನೆಲ್ಲ ಹಲಗೆಯ ಮೇಲೆ ಬಿಡಿಸಿದೆ. ಕೊನೆಗೆ ಆ ಹಿರಿಯರೇ ಎದ್ದು ಬಂದು ಕೈಕುಲುಕಿದರು. ಮೊದಲ ದರ್ಜೆ!

ನಿಮ್ಮ ಮಂಡಿನೋವಿಗೆ ಮುಲಾಮು ಕೊಂಡಿದ್ದೇನೆ. ಊರಿನ ಬಸ್ಸು ಹೊರಡುತ್ತಿದೆ; ಈ ಕಾರ್ಡನ್ನು ಡ್ರೈವರ್ ಕೈಲಿ ಕಳಿಸಿ, ನಾನು ನಾಳೆ ಬರುತ್ತೇನೆ. ಕಾರ್ಡು ಸಿಕ್ಕ ಕೂಡಲೇ ಊರ ಹೆಡ್‌ಮಾಸ್ಟರಿಗೆ ಹೇಳಿಬಿಡಿ: ಶಾಲೆಯಲ್ಲಿ ಖಾಲಿ ಬಿದ್ದಿರುವ ಗಣಿತದ ಟೀಚರ್ ಕುರ್ಚಿ ಇನ್ನು ನನ್ನದು.

ನಿಮ್ಮ ಬುರುಲ್