ನಾಲ್ಕನೆಯ ಸಾಲು

ಸಿದ್ದಾಪುರದ ಹತ್ತಿರ, ತೋಟದ ಬಂಗಲೆ
೨೪ ನವೆಂಬರ್ ೧೯೩೧

ನನ್ನ ಬೆನ್ನಿಗೆ ಹುಟ್ಟಿದ ತಂಗಿ ಚಿ. ಸೌ. ಗುರುಸಿದ್ದಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಎಂದರೆ ನಾನೊಬ್ಬಳೇ. ನಾನು ಕ್ಷೇಮ. ನಿನ್ನ ಭಾವ ಚಳಿಜ್ವರದಲ್ಲಿ ಹೋದ ಮೇಲೆ, ತೋಟದ ಲೆಕ್ಕ ಬರೆಯುತ್ತಿದ್ದ ರೈಟರ ಹೆಂಡತಿ ಬೀದಿಗೆ ಬೀಳಬಾರದೆಂದು ದೊರೆ ನನ್ನನ್ನು ತನ್ನ ಮಗುವಿಗೆ ಆಯಾ ಮಾಡಿಕೊಂಡದ್ದು ಉಪಕಾರವೇ. ಆದರೆ ಬಂಗಲೆಯ ಹಿಂದಿನ ಈ ಕೋಣೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಯಾರೂ ಇಲ್ಲ. ಕೂಲಿಯಾಳುಗಳ ಲೈನಿನ ಹೆಂಗಸರದು ಅರ್ಧ ತಮಿಳು, ಅರ್ಧ ಮಲಯಾಳ. ನಮ್ಮ ಶಿರಂಗಾಲದ ಮಾತು ಬೇಕೆಂದರೆ ನಾನೇ ಆಡಿ ನಾನೇ ಕೇಳಬೇಕು.

ಅದಕ್ಕೇ ಇರಬೇಕು, ದೊರೆಯ ಮಗುವಿಗೂ, ನಿನ್ನ ಹತ್ತಿರ ಬಿಟ್ಟುಬಂದ ನನ್ನ ಮಗಳು ನೀಲಿಯ ಪದ್ಯವನ್ನೇ ಹೇಳಿಕೊಟ್ಟೆ. ನೀಲಿ ತೊಟ್ಟಿಲಲ್ಲಿದ್ದಾಗ ನಾನು ಕಟ್ಟಿದ್ದು ನಿನಗೆ ನೆನಪಿದೆಯಲ್ಲ:

ಹಕ್ಕಿಗೆ ಗೂಡಲಿ ಕಾಳುಂಟು
ಬೆಕ್ಕಿಗೆ ಒಲೆಯಲಿ ಬಿಸಿಯುಂಟು
ಮಕ್ಕಳ ತೂಗಲು ಯಾರುಂಟು?

ಇಷ್ಟು ನಾನು ಹೇಳಿ ನಿಲ್ಲಿಸಬೇಕು. ನಾಲ್ಕನೆಯ ಸಾಲು ಅವಳದು. 'ಅವ್ವ ಉಂಟು' ಎಂದು ಕೂಗಿ ನನ್ನ ಕೊರಳಿಗೆ ಬೀಳುತ್ತಿದ್ದಳು. ನಿನ್ನ ಭಾವ ನಾಲ್ಕಕ್ಷರ ಓದಿದವರು, ಸುಮ್ಮನಿರುತ್ತಿದ್ದರೇ? "ಹಕ್ಕಿ, ಬೆಕ್ಕು, ಮಕ್ಕಳು, ಮೂರಕ್ಕೂ ಪ್ರಾಸ ಕೂಡೈತೆ. ನಾಲ್ಕನೇದ್ರಲ್ಲಿ ನೀನು ಬಂದು ಕೆಡಿಸ್ದೆ ನೋಡು," ಎಂದು ಛೇಡಿಸುತ್ತಿದ್ದರು. ಕೆಟ್ಟರೆ ಕೆಡಲಿ, ನನ್ನ ಪದ್ಯದಲ್ಲಿ ನಾನಿರಬೇಕು ಎಂದು ನಾನು ಜಗಳ ಕಾಯುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನನಗದು ದೊಡ್ಡ ಕಾವ್ಯವೇ.

ಇಲ್ಲಿಯ ಮಗು ಅದನ್ನು ಬೇಗ ಕಲಿಯಿತು. ಮೂರು ವರ್ಷದ್ದು, ಹಲ್ಲಿನ ಸಂದಿಯಲ್ಲಿ ಗಾಳಿ ಬಿಡುತ್ತಾ ಕನ್ನಡ ಆಡುತ್ತದೆ. ಆದರೆ ಕೊನೆಗೆ ಅದು ಹೇಳುವುದು 'ಆಯಾ ಉಂಟು' ಎಂದು. ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಹಾಗೆ ಹೇಳಿ ನನ್ನ ತೊಡೆ ಏರಿತು. ತಲೆಯೆತ್ತಿದರೆ ಬಾಗಿಲಲ್ಲಿ ದೊರೆಸಾನಿ. ಒಳಗೆ ಬರಲಿಲ್ಲ, ಬೈಯಲಿಲ್ಲ, ಬಂದ ದಾರಿಯಲ್ಲೇ ಹೊರಟುಹೋದಳು. ಆಮೇಲೆ ಅಡುಗೆಯವನನ್ನು ಕರೆಸಿ 'ಉಂಟು' ಎಂದರೆ ಏನೆಂದು ಕೇಳಿದಳಂತೆ. ಹೆತ್ತ ತಾಯಿ, ತನ್ನದೇ ಮನೆ, ಒಳಗೆ ಬಂದು ಮಗುವನ್ನು ಎತ್ತಿಕೊಳ್ಳಲು ಇವಳಿಗೇನು ಅಡ್ಡಿ ಎಂದು ಆಗ ನನಗೆ ನಗು ಬಂದಿತ್ತು.

ಇನ್ನು ನಿನ್ನ ಕಾಗದಕ್ಕೆ ಉತ್ತರ. ಹಬ್ಬಕ್ಕೆ ಯಾಕೆ ಬರಲಿಲ್ಲ ಎಂದು ಸಿಟ್ಟಾಗಿದ್ದೀಯೆ. ದೊರೆಸಾನಿ ರಜೆ ಕೊಡಲಿಲ್ಲ. ಜಗಲಿಯ ಮೇಲೆ ಕೆಂಪು ಲಂಗದ ಗಂಟು ಇಟ್ಟು ಹೋದವರು ಯಾರೆಂದು ಕೇಳಿದ್ದೀಯೆ. ಗಾಡಿ ನಿಂಗನ ಕೈಲಿ ನಾನೇ ಕಳಿಸಿದ್ದೆ. ಅವನಿಗೆ ಯಾವಾಗಲೂ ಅವಸರ, ಕೂಗಿ ಹೇಳದೆ ಹೋಗಿರಬೇಕು. ಲಂಗ ಉದ್ದವಾದರೆ ಅಂಚು ಮಡಿಸಿ ಹೊಲಿ.

ನೀಲಿ ಪದ್ಯವನ್ನು ಮರೆತಿಲ್ಲ, 'ಅವ್ವ ಉಂಟು' ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ ಎಂದು ಬರೆದಿದ್ದೀಯೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಒಳ್ಳೆಯವಳು.

ಲೈನಿನ ಆಚೆ ದೊರೆ ನನಗೆ ಬೇರೆ ಮನೆ ಕೊಡುತ್ತೇನೆಂದಿರುವುದು ನಿಜ. ನೀಲಿಯನ್ನು ಜೊತೆಗೆ ಇಟ್ಟುಕೊಳ್ಳಬಹುದು ಎಂದೂ ಹೇಳಿದ್ದಾನೆ. ಯಾವತ್ತು ಬಂದು ಕರೆದುಕೊಂಡು ಹೋಗುತ್ತೀ, ಬಟ್ಟೆಬರೆ ಕಟ್ಟಿಡಲೇ ಎಂದು ಕೇಳಿದ್ದೀಯೆ. ಕಟ್ಟಬೇಡ. ಇಲ್ಲಿ ಚಳಿಜ್ವರ ಇನ್ನೂ ಹೋಗಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದರೆ ಲೈನಿನಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ, ಅವಳು ಯಾರ ಜೊತೆ ಆಡಬೇಕು? ಅಲ್ಲಿ ನಿನ್ನ ಯಜಮಾನರು ಸಿದ್ದಣ್ಣನವರ ಹೆಗಲಿದೆ, ಕರುವಿದೆ, ನೀನಿದ್ದೀಯೆ. ಅವಳು ನಿನ್ನಲ್ಲೇ ಬೆಳೆಯಲಿ. ನಿನ್ನ ಮಡಿಲೂ ಖಾಲಿಯೆಂದು ಅನ್ನಿಸುವುದು ಬೇಡ. ಸಿದ್ದಣ್ಣನವರಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ ಅಕ್ಕ,
ಸುಲೋಚನೆ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ದೊರೆಸಾನಿ ರಜೆ ಕೊಟ್ಟಿದ್ದಳು, ಗುರುಸಿದ್ದಿ. ಫ್ರೇಸರ್‌ಪೇಟೆವರೆಗೆ ಮೋಟಾರಿನಲ್ಲಿ, ಅಲ್ಲಿಂದ ನಿಂಗನ ಗಾಡಿಯಲ್ಲಿ ನಾನೇ ಬಂದಿದ್ದೆ. ನೀಲಿಯನ್ನು ಕರೆದುಕೊಂಡೇ ಹೋಗಬೇಕೆಂದು ಬಂದಿದ್ದೆ. ನೀನು ಒಳಗೆ ನೀಲಿಯ ತಲೆಗೆ ಹಬ್ಬದ ಎಣ್ಣೆ ತಟ್ಟುತ್ತಾ ಪದ್ಯ ಹೇಳಿಸುತ್ತಿದ್ದೆ. ಯಾರುಂಟು ಎಂದು ನೀನು ನಿಲ್ಲಿಸಿದಾಗ ಬಾಗಿಲ ಹೊರಗೆ ನಾನು ಕಿವಿಗೊಟ್ಟೆ. "ಚಿಕ್ಕವ್ವ ಉಂಟು," ಅಂದಳು. "ಹಂಗಲ್ಲ ಕಣೇ, ಅವ್ವ ಅನ್ಬೇಕು," ಎಂದು ನೀನು ತಿದ್ದಿದೆ. ಅವಳು ಮತ್ತೆ ಅದನ್ನೇ ಹೇಳಿ ನಕ್ಕಳು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಒಳಗೆ ಬಂದರೆ ನಿನ್ನ ಕೊರಳಿನಿಂದ ಅವಳನ್ನು ಬಿಡಿಸಬೇಕಾಗುತ್ತಿತ್ತು. ಗಂಟು ಇಟ್ಟು ತಿರುಗಿದೆ. ದೊರೆಸಾನಿಯನ್ನು ಕಂಡು ಈಗ ನಗುವುದಿಲ್ಲ.

ಇನ್ನು ಮೇಲೆ ಅವಳನ್ನು ತಿದ್ದಬೇಡ. ಹಕ್ಕಿ, ಬೆಕ್ಕು, ಮಕ್ಕಳು, ಚಿಕ್ಕವ್ವ. ನಿನ್ನ ಭಾವ ಕೇಳಿದ್ದರೆ ಪ್ರಾಸ ಈಗ ಕೂಡಿತು ಅನ್ನುತ್ತಿದ್ದರು.